ದೀಪಾವಳಿಯಿಂದ ಹೂಮಳೆಯವರೆಗೆ



ಚಳಿಗಾಲದಲ್ಲಿ ಬೆಳಗಿನ ಏಳು ಗಂಟೆಯಾದರೂ ನಮ್ಮ ಅರೇಹಳ್ಳಿ ಕಡೆ ಕಾವಳ ಎದ್ದಿರುವುದಿಲ್ಲ. ಜಗಲಿಯಲ್ಲಿ ನಿಂತರೆ ಅಂಗಳದ ಸಂಪಿಗೆ ಮರ ಕಾಣಿಸದು. ಅದರ ಎಲೆಗಳಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಮಾತ್ರ ಕೇಳಿಸುತ್ತದೆ. ಬೇಲೂರು ಬಿಟ್ಟು ಪಡುವಣಕ್ಕೆ ಹೊರಟವರಿಗೆ ಹೊಲ, ಕೆರೆ, ತೆಂಗು ಹಿಂದೆ ಸರಿದು ಸಿಲ್ವರ್ ಓಕ್ ಮರಗಳ ಸಾಲು, ಅವುಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಕಾಣಿಸಿಕೊಳ್ಳುವ ಜಾಗ ನಮ್ಮದು. ಈ ತೋಟಗಳ ಒಳಗೆ, ರಸ್ತೆಗೆ ಕಾಣದ ಹಾಗೆ, ನೂರು ವರ್ಷ ದಾಟಿದ ಮನೆಗಳು ಇನ್ನೂ ಇವೆ. ಕೆಲವು ಇಂಗ್ಲಿಷ್ ದೊರೆಗಳ ಕಾಲದ ಬಂಗಲೆಗಳು, ಕೆಲವು ತೊಟ್ಟಿ ಮನೆಗಳು. ಆ ಮನೆಗಳ ಮುಂದೆ ಮನೆಯಷ್ಟೇ ವಯಸ್ಸಾದ ಕೈತೋಟಗಳಿವೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಅವನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದೇ ಇವತ್ತಿನ ನನ್ನ ಮಾತು.

ನಾನು ತೋಟಗಾರಿಕೆ ಓದಿದವಳಲ್ಲ. ನಲವತ್ತೆರಡು ವರ್ಷಗಳ ಹಿಂದೆ ಇಂಥದೊಂದು ಮನೆಗೆ ಸೊಸೆಯಾಗಿ ಬಂದೆ. ತವರು ಅರಸೀಕೆರೆ ಕಡೆಯ ಬಯಲುಸೀಮೆ. ಬಾವಿಯಿಂದ ನೀರು ಸೇದಿ ಸೇದಿ ನಾಲ್ಕು ಗಿಡ ಬದುಕಿಸಿಕೊಳ್ಳುವುದನ್ನು ನೋಡಿ ಬೆಳೆದವಳು. ಇಲ್ಲಿ ನೋಡಿದರೆ ಬೇಲಿ ಗೂಟವೂ ಚಿಗುರುತ್ತಿತ್ತು. ಇಷ್ಟು ಮಳೆ ಸುರಿಯುವ ಊರಿನಲ್ಲಿ ತೋಟಕ್ಕೆ ಆರೈಕೆ ಯಾಕೆ ಎಂದುಕೊಂಡಿದ್ದೆ. ಆ ವರ್ಷದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ನಮ್ಮತ್ತೆ ನನ್ನನ್ನು ಅಂಗಳಕ್ಕೆ ಕರೆದು, ಗುಲಾಬಿ ಬುಡದ ಮಣ್ಣಿಗೆ ಬೆರಳು ಇಳಿಸು ಅಂದರು. ಮೇಲೆ ಇಬ್ಬನಿಯಿಂದ ಒದ್ದೆ. ಬೆರಳಿನ ಎರಡನೇ ಗೆಣ್ಣು ಇಳಿಯುವ ಹೊತ್ತಿಗೆ ಮಣ್ಣು ರಾಗಿ ಹಿಟ್ಟಿನ ಹಾಗೆ ಉದುರುದುರು.

"ನೋಡಿದ್ಯೇನಮ್ಮ, ಮಂಜು ಕಣ್ಣು ಕಟ್ಟತ್ತೆ," ಅಂದರು.

ನಮ್ಮ ಕಡೆಯ ಚಳಿಗಾಲವನ್ನು ನಾನು ಅರ್ಥ ಮಾಡಿಕೊಂಡಿದ್ದು ಆ ಒಂದು ಮಾತಿನಿಂದ. ಇಲ್ಲಿ ಗಿಡ ಸಾಯುವುದು ಹಿಮ ಬಿದ್ದಲ್ಲ. ಸ್ವಾತಿ ಮಳೆ, ವಿಶಾಖ ಮಳೆ ಮುಗಿದು ನವೆಂಬರ್ ಕಳೆಯಿತೆಂದರೆ ಆಮೇಲೆ ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆಯವರೆಗೆ ಆಕಾಶವನ್ನು ನಂಬುವ ಹಾಗಿಲ್ಲ. ರಾತ್ರಿ ಕೊರೆಯುವ ಚಳಿ, ಮಧ್ಯಾಹ್ನ ಚುರುಗುಟ್ಟುವ ಬಿಸಿಲು, ಜೊತೆಗೆ ಒಣಗಾಳಿ. ಎಲೆಯ ಮೇಲೆ ನೀರು, ಬೇರಿನಲ್ಲಿ ಬರ. ಅದೇ ಹೊತ್ತಿಗೆ ಕಾಫಿ ಕುಯ್ಲು ಶುರುವಾಗುತ್ತದೆ. ಅರೇಬಿಕಾ ನವೆಂಬರಿನಿಂದ, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಮನೆಯ ಗಂಡಸರು ಕಣದಲ್ಲಿ, ಆಳುಗಳು ಕುಕ್ಕೆ ಕಟ್ಟಿಕೊಂಡು ತೋಟದಲ್ಲಿ. ಹೂವಿನ ಗಿಡಕ್ಕೆ ಒಂದು ಕೊಡ ನೀರು ಹಾಕಿ ಅಂತ ಯಾರನ್ನು ಕೇಳುವುದು? ಹಳೇ ಕೈತೋಟಗಳಲ್ಲಿ ಗಿಡಗಳು ಹೋಗುವುದು ಹೀಗೆ, ಯಾರೂ ನೋಡದಿರುವ ಈ ಮೂರು ನಾಲ್ಕು ತಿಂಗಳಲ್ಲಿ. ಜೂನಿನಲ್ಲಿ ಮಳೆ ಬಂದಾಗ ಎಲ್ಲ ಹಸಿರಾಗುತ್ತದೆ, ಹೋದದ್ದು ಯಾವುದು ಎಂದು ನೆನಪಾಗುವುದೂ ಇಲ್ಲ.

ಈ ತೋಟಗಳು ಹುಟ್ಟಿದ ಕಥೆಯನ್ನು ಸ್ವಲ್ಪ ಹೇಳಬೇಕು, ಯಾಕೆಂದರೆ ಏನನ್ನು ಉಳಿಸುತ್ತಿದ್ದೇವೆ ಎಂದು ತಿಳಿದರೆ ಕೈ ತಾನಾಗಿ ಜೋಪಾನವಾಗುತ್ತದೆ. ಬಾಬಾ ಬುಡನ್ ಏಳು ಕಾಫಿ ಬೀಜ ತಂದ ಕಥೆ ಎಲ್ಲರಿಗೂ ಗೊತ್ತು. ಅದಾಗಿ ಎಷ್ಟೋ ಕಾಲದ ಮೇಲೆ, 1840ರ ಸುಮಾರಿಗೆ, ಕ್ಯಾನನ್ ಎಂಬ ಇಂಗ್ಲಿಷಿನವರು ಬಾಬಾ ಬುಡನ್ ಗಿರಿಯ ತೆಂಕಣ ಮಗ್ಗುಲಲ್ಲಿ ಕಾಫಿ ತೋಟ ಮಾಡಿದರು. ಅದು ಕೈಹಿಡಿದದ್ದನ್ನು ಕಂಡು 1843ರಲ್ಲಿ ಗ್ರೀನ್ ಎಂಬವರು ಮಂಜರಾಬಾದ್ ಸೀಮೆಯ ಐಗೂರಿನ ಹತ್ತಿರ ನೆಲ ಹಿಡಿದರು. ಅಲ್ಲಿಂದ ಮುಂದೆ ನಮ್ಮ ಘಟ್ಟದ ಅಂಚಿನುದ್ದಕ್ಕೂ ಬಂಗಲೆಗಳು ಎದ್ದವು. ಇದೇ ಸೀಮೆಯಲ್ಲಿ ತೋಟ ಮಾಡಿಕೊಂಡಿದ್ದ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರು ಸೀಮೆಯ ಚಿನ್ನ, ಶಿಕಾರಿ, ಕಾಫಿಗಳ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ಅದರಲ್ಲಿ ಅವರು ಹೆಚ್ಚು ಕಾಳಜಿಯಿಂದ ಬರೆದಿರುವ ವಿಷಯಗಳಲ್ಲಿ ಒಂದು ನೆರಳು, ಅಂದರೆ ಯಾವ ಮರ ಇರಬೇಕು, ಯಾವುದು ಬೇಡ ಎನ್ನುವುದು. ಆ ಮಾತಿಗೆ ಆಮೇಲೆ ಬರುತ್ತೇನೆ.

ದೊರೆಗಳು ಬಂಗಲೆ ಮುಂದೆ ತಮ್ಮ ಊರಿನ ನೆನಪಿಗೆ ಗುಲಾಬಿ ಹಾಕಿದರು, ಡೇರೆ ಹಾಕಿದರು, ಹುಲ್ಲುಹಾಸು ಮಾಡಿ ಸುತ್ತ ಕಲ್ಲಿನ ಅಂಚು ಕಟ್ಟಿಸಿದರು. ಸ್ವಾತಂತ್ರ್ಯದ ಹಿಂದೆ ಮುಂದೆ ಅವರು ತೋಟ ಮಾರಿ ಹೊರಟಾಗ ಕೊಂಡುಕೊಂಡ ನಮ್ಮವರು ಅದೇ ಅಂಗಳದ ನಡುವೆ ತುಳಸಿಕಟ್ಟೆ ಕಟ್ಟಿದರು, ಪಕ್ಕದಲ್ಲಿ ಪಾರಿಜಾತ, ದಾಸವಾಳ, ಗೋರಂಟೆ ನೆಟ್ಟರು. ತೊಟ್ಟಿ ಮನೆಗಳಲ್ಲಿ ಇದು ತಿರುಗುಮುರುಗು. ಮೊದಲು ತುಳಸಿ, ಸಂಪಿಗೆ ಇದ್ದವು, ಬಂಗಲೆಯ ತೋಟದಿಂದ ಒಂದು ಕಡ್ಡಿ, ಒಂದು ಗೆಡ್ಡೆ ಕೇಳಿಕೊಂಡು ಬಂದು ಗುಲಾಬಿಯೂ ಡೇರೆಯೂ ಸೇರಿಕೊಂಡವು. ಎರಡು ನಾಡಿನ ಗಿಡಗಳು ಒಂದೇ ಅಂಗಳದಲ್ಲಿ ಹೊಂದಿಕೊಂಡ ಈ ತೋಟಗಳು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತವೆ. ಎಲ್ಲವೂ ಒಳ್ಳೆಯದೇ ಬಂತೆಂದಲ್ಲ. ಲಂಟಾನವೂ ಹೀಗೇ ಅಲಂಕಾರದ ಗಿಡವಾಗಿ, ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು. ಇವತ್ತು ನಮ್ಮ ಕಾಡಿನ ಅಂಚನ್ನೆಲ್ಲ ಅದು ತಿಂದುಹಾಕಿದೆ.

ಇನ್ನು ಕೆಲಸದ ಮಾತು. ದೀಪಾವಳಿ ಮುಗಿದ ಮೇಲೆ ನಾನು ಮೊದಲು ನೋಡುವುದು ಗಿಡಗಳನ್ನಲ್ಲ, ಗೋಡೆಗಳನ್ನು. ಹಳೇ ಮನೆಯ ತೋಟ ಮನೆಯ ಬುಡಕ್ಕೇ ಅಂಟಿಕೊಂಡಿರುತ್ತದೆ. ಮಳೆಗಾಲದಲ್ಲಿ ಹಕ್ಕಿಗಳು ಹಿಕ್ಕೆ ಹಾಕಿದ ಕಡೆಯಲ್ಲೆಲ್ಲ ಅರಳಿ, ಬಸರಿ, ಅತ್ತಿಯ ಸಸಿಗಳು ಎದ್ದಿರುತ್ತವೆ. ಹೆಂಚಿನ ಕೆಳಗೆ, ಕಲ್ಲು ಕಟ್ಟಡದ ಸಂದಿಯಲ್ಲಿ, ತುಳಸಿಕಟ್ಟೆಯ ಬಿರುಕಿನಲ್ಲಿ. ಎರಡೆಲೆಯ ಸಸಿ ನೋಡಲು ಮುದ್ದಾಗಿರುತ್ತದೆ. ಎರಡು ಮಳೆಗಾಲ ಬಿಟ್ಟರೆ ಗೋಡೆ ಸೀಳುತ್ತದೆ. ಕತ್ತಿಯಲ್ಲಿ ಸವರಿದರೆ ಸಾಲದು, ಮತ್ತೆ ಎರಡರಷ್ಟು ಒಡೆಯುತ್ತದೆ. ಗಾರೆ ಇನ್ನೂ ಮಳೆಯ ಪಸೆಯಿಂದ ಮೆತ್ತಗಿರುವಾಗಲೇ ಬೇರು ಸಮೇತ ಎಳೆಯಬೇಕು. ಜನವರಿಗೆ ಗಾರೆ ಗಟ್ಟಿಯಾಗಿ ಬೇರು ತುಂಡಾಗಿ ಒಳಗೇ ಉಳಿಯುತ್ತದೆ. ಕಿತ್ತ ಸಂದಿಗೆ ಸುಣ್ಣ-ಮರಳಿನ ಗಾರೆಯನ್ನೇ ತುಂಬಿ. ಸಿಮೆಂಟು ಹಾಕಿದರೆ ಹಳೇ ಗೋಡೆಯ ಪಸೆ ಹೊರಗೆ ಬರಲಾರದೆ ಒಳಗೇ ಕೊಳೆಸುತ್ತದೆ.

ಹಳೇ ಗೋಡೆಗಳ ಮಾತು ಬಂದಾಗ ನಮ್ಮ ಕಡೆಯ ಗುಡಿಗಳ ನೆನಪಾಗುತ್ತದೆ. 1117ರಲ್ಲಿ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಾಲಯ, ಹಳೇಬೀಡು, ಸೋಮನಾಥಪುರದ ಗುಡಿಗಳ ಜೊತೆ 2023ರ ಸೆಪ್ಟೆಂಬರ್ 18ರಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಮ್ಮ ತಾಲ್ಲೂಕಿನಲ್ಲಿ ಎಲ್ಲರಿಗೂ ಹಬ್ಬವಾಯಿತು. ನನಗೂ ಆಯಿತು. ಆ ಗುಡಿಗಳನ್ನು ನೋಡಿಕೊಳ್ಳಲು ಒಂದು ಇಲಾಖೆಯಿದೆ. ಮದನಿಕೆಯರ ತಲೆಯ ಮೇಲೆ ಬಳಪದ ಕಲ್ಲಿನಲ್ಲಿ ಕಡೆದ ಎಲೆ-ಬಳ್ಳಿಯ ಚಪ್ಪರಗಳಿವೆಯಲ್ಲ, ಅವನ್ನು ಕಾಯುವವರಿದ್ದಾರೆ. ಮನೆಯಂಗಳದ ಹಸಿ ಬಳ್ಳಿಯನ್ನು ಕಾಯಲು ಮನೆಯವರ ಹೊರತು ಯಾರೂ ಇಲ್ಲ. ಹತ್ತಾರು ಹಳೇ ಅಂಗಳಗಳನ್ನು ಹೋಂಸ್ಟೇಗಾಗಿ ಕೆತ್ತಿ ಇಂಟರ್‌ಲಾಕ್ ಕಲ್ಲು ಹಾಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ದುಡಿಮೆ ಬೇಕು, ಒಪ್ಪುತ್ತೇನೆ. ಆದರೆ ಬರುವವರು ನೂರು ವರ್ಷದ ಮನೆ ನೋಡಲು ಬರುತ್ತಾರೆ. ಅಂಗಳ ಮಾತ್ರ ನಿನ್ನೆಯದಾದರೆ ಅವರಿಗೆ ನಾವು ತೋರಿಸುವುದೇನು?

ಗೋಡೆಯಾದ ಮೇಲೆ ನೆಲ. ಮಳೆಗಾಲದಲ್ಲಿ ಪಾತಿಯ ಮಣ್ಣು ಹೊಡೆತ ತಿಂದು ಚಪ್ಪಡಿಯಾಗಿರುತ್ತದೆ. ಅದನ್ನು ಆಳವಾಗಿ ಅಗೆಯಬೇಡಿ. ಮೇಲಿನ ಎರಡು ಬೆರಳಿನಷ್ಟು ಕೆದಕಿ ಸಡಿಲ ಮಾಡಿದರೆ ಸಾಕು. ಹಳೇ ಗಿಡಗಳ ಉಣ್ಣುವ ಬೇರು ಅಲ್ಲೇ ಕೆಳಗೆ ಇರುತ್ತದೆ. ಆಮೇಲೆ ದರಗು, ಅಂದರೆ ಉದುರಿದ ಒಣ ಎಲೆ, ಹೊದಿಸಬೇಕು. ನಮ್ಮ ಕಡೆ ದರಗಿಗೇನು ಬರ? ಆದರೆ ಸಿಲ್ವರ್ ಓಕ್ ಎಲೆ ಒಂದನ್ನೇ ಹಾಕಿದರೆ ಬೇಗ ಕೊಳೆಯುವುದಿಲ್ಲ, ಚಾಪೆಯ ಹಾಗೆ ಕೂತು ನೀರನ್ನು ಜಾರಿಸುತ್ತದೆ. ಹಾಲುವಾಣದ ಎಲೆ ಚಳಿಗಾಲದಲ್ಲೇ ಉದುರುತ್ತದೆ, ಬೇಗ ಕರಗುತ್ತದೆ. ಎರಡನ್ನೂ ಬೆರೆಸಿ, ಸಿಕ್ಕರೆ ಚೆನ್ನಾಗಿ ಕಳಿತ ಕಾಫಿ ಸಿಪ್ಪೆಯನ್ನು ಸೇರಿಸಿ ಒಂದು ಗೇಣು ದಪ್ಪ ಹಾಕಿ. ಹಸಿ ಸಿಪ್ಪೆ ಬೇಡ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ನೀರಂತೂ ಬೇಡವೇ ಬೇಡ, ಅದರ ಹುಳಿಗೆ ಬೇರು ಸುಡುತ್ತದೆ. ಕಾಂಡಕ್ಕೆ ತಾಗದ ಹಾಗೆ ಸುತ್ತ ಒಂದು ಗೇಣು ಬಿಡಬೇಕು, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ. ಮನೆಯ ಗೋಡೆಯಿಂದಲೂ ಒಂದು ಮಾರು ದೂರವಿರಲಿ. ಫೆಬ್ರವರಿ ಹೊತ್ತಿಗೆ ಒಂದು ಕಿಡಿ ಸಾಕು. ಇನ್ನೊಂದು ಮಾತು, ಹಿಂದಿನ ದಿನ ಗುಡ್ಡೆ ಹಾಕಿದ ದರಗಿಗೆ ಬರಿಗೈ ಹಾಕಬೇಡಿ. ಬೆಚ್ಚಗಿರುವ ಜಾಗ ಹಾವಿಗೂ ಗೊತ್ತು.

ನೀರನ್ನು ಬೆಳಿಗ್ಗೆ, ಬಿಸಿಲು ಏರುವ ಹೊತ್ತಿಗೆ ಬುಡಕ್ಕೆ ಮಾತ್ರ ಹಾಕಬೇಕು. ಸಂಜೆ ಎಲೆ ತೋಯಿಸಿದರೆ ರಾತ್ರಿಯ ಇಬ್ಬನಿಯೂ ಸೇರಿ ರೋಗಕ್ಕೆ ಹಾಸಿಗೆ ಹಾಸಿದ ಹಾಗೆ. ಬಹಳ ಹಳೆಯ, ಕಳೆದುಕೊಳ್ಳಬಾರದ ಗಿಡಗಳಿಗೆ ನನ್ನ ತವರಿನ ಉಪಾಯವೊಂದನ್ನು ಇಲ್ಲಿ ಹೂಡಿದ್ದೇನೆ. ಮಣ್ಣಿನ ಹಳೇ ಮಡಕೆಯನ್ನು ಕುತ್ತಿಗೆಯವರೆಗೆ ಬುಡದ ಪಕ್ಕ ಹೂತು, ನಾಲ್ಕೈದು ದಿನಕ್ಕೊಮ್ಮೆ ನೀರು ತುಂಬಿ ಮೇಲೊಂದು ಹೆಂಚಿನ ಚೂರು ಮುಚ್ಚುತ್ತೇನೆ. ಮಡಕೆ ಬೆವರಿದಷ್ಟನ್ನೇ ಬೇರು ಕುಡಿಯುತ್ತದೆ. ಕುಯ್ಲಿನ ಗಡಿಬಿಡಿಯಲ್ಲಿ ಎರಡು ದಿನ ಮರೆತರೂ ಗಿಡ ಬಾಡುವುದಿಲ್ಲ. ಬಯಲುಸೀಮೆಯ ಬುದ್ಧಿ ಮಲೆನಾಡಿನಲ್ಲಿ ಕೆಲಸಕ್ಕೆ ಬಂದದ್ದು ಕಂಡು ನಮ್ಮತ್ತೆಗೆ ಖುಷಿಯಾಗಿತ್ತು.

ಗುಲಾಬಿ ಕತ್ತರಿಸುವ ವಿಷಯದಲ್ಲಿ ಒಂದು ಪದದ ಗೊಂದಲವಿದೆ. ಬೇರೆ ಕಡೆ ಕಸಿ ಎಂದರೆ ಒಂದು ಗಿಡಕ್ಕೆ ಇನ್ನೊಂದನ್ನು ಕೂಡಿಸುವುದು. ಕಾಫಿ ಸೀಮೆಯಲ್ಲಿ ಕಸಿ ಎಂದರೆ ಕತ್ತರಿಸುವುದು. ಕಾಫಿ ಕಸಿ, ಮರಗಸಿ ಎಲ್ಲವೂ ಕತ್ತಿಯ ಕೆಲಸವೇ. ಹಾಗಾಗಿ ಗುಲಾಬಿ ಕಸಿ ಮಾಡಿ ಎಂದರೆ ನಮ್ಮ ಆಳುಗಳು ಕಾಫಿ ಗಿಡದ ಹಾಗೆಯೇ ಸವರಿಬಿಡುತ್ತಾರೆ. ಇವತ್ತಿನ ದೊಡ್ಡ ಹೂವಿನ ಗುಲಾಬಿಗಳನ್ನು ಅಕ್ಟೋಬರ್ ನಡುವೆ ಗಟ್ಟಿಯಾಗಿ ಕತ್ತರಿಸುತ್ತಾರೆ, ಆರೇಳು ವಾರಕ್ಕೆ ಹೂ ಬರುತ್ತದೆ. ನಮ್ಮಲ್ಲಿ ಮಳೆ ನಿಲ್ಲುವುದು ನೋಡಿಕೊಂಡು ಒಂದೆರಡು ವಾರ ಹಿಂದೆ ಮುಂದೆ ಆಗುತ್ತದೆ. ಆದರೆ ಹಳೇ ಮನೆಗಳ ಪನ್ನೀರು ಗುಲಾಬಿಗೆ ಆ ಕತ್ತರಿ ಸಲ್ಲದು. ಅದು ಸ್ವಂತ ಬೇರಿನ ಮೇಲೆ ನಿಂತ ಪೊದೆ. ಒಣಗಿದ ಕಡ್ಡಿ, ಒಂದಕ್ಕೊಂದು ಉಜ್ಜುವ ಕೊಂಬೆ, ಇಷ್ಟನ್ನು ತೆಗೆದು ತುದಿ ಚಿವುಟಿದರೆ ಸಾಕು.

ಕತ್ತರಿಸಿದ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚುವುದು ಕಾಫಿ ಬೆಳೆಗಾರರ ಮನೆಯಲ್ಲಿ ಮಕ್ಕಳಿಗೂ ಗೊತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ಅದೇ ಅಳತೆಗೆ ನೂರು ಲೀಟರ್ ನೀರಾದರೆ ಸಿಂಪಡಿಸುವ ದ್ರಾವಣ. ಮನೆಯ ತೋಟಕ್ಕೆ ಇದರ ಹತ್ತರಲ್ಲೊಂದು ಪಾಲು ಮಾಡಿಕೊಂಡರೂ ಮಿಗುತ್ತದೆ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು, ಕಬ್ಬಿಣದ ಪಾತ್ರೆ ಮುಟ್ಟಿಸಬಾರದು. ಹದ ನೋಡಲು ನಮ್ಮ ಮಾವನವರು ಮಸೆದ ಚಾಕುವಿನ ಅಲಗನ್ನು ಅದರೊಳಗೆ ಅದ್ದಿ ಹಿಡಿಯುತ್ತಿದ್ದರು. ಹೊರಗೆ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಇನ್ನೊಂದಿಷ್ಟು ಸುಣ್ಣದ ನೀರು ಹೊಯ್ದು ಮತ್ತೆ ಅದ್ದುವರು. ಅಲಗು ಬೆಳ್ಳಗೆ ಬಂದ ಮೇಲೆಯೇ ಗಿಡಕ್ಕೆ. ಆ ಚಾಕು ಈಗಲೂ ನನ್ನ ಹತ್ತಿರವಿದೆ. ಚಿಗುರಿನ ಮೇಲೆ ಬೂದಿರೋಗ ಕಂಡರೆ ಮಾತ್ರ ಬೋರ್ಡೋ ಸಾಲದು. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ಎರಡು ಗ್ರಾಮಿನಂತೆ ಸಿಂಪಡಿಸಬೇಕು, ಅದೂ ಬಿಸಿಲು ಚುರುಕಾಗುವ ಮೊದಲು.

ಈಗ ಡೇರೆಯ ಮಾತು. ಬಯಲುಸೀಮೆಯಲ್ಲಿ ಡೇರೆ ಚಳಿಗಾಲದ ಹೂವು. ಮಲೆನಾಡಿನಲ್ಲಿ ಅದು ಮಳೆಗಾಲದ್ದು. ಮೇ ತಿಂಗಳಲ್ಲಿ ಗೆಡ್ಡೆ ಹೂತರೆ ಶ್ರಾವಣ, ಭಾದ್ರಪದಕ್ಕೆ ಬಾಗಿಲ ಮುಂದೆ ಊಟದ ತಟ್ಟೆಯಷ್ಟಗಲ ಹೂ. ನಮ್ಮ ಗೌರಿ-ಗಣೇಶರಿಗೆ ಅದೇ ಶೃಂಗಾರ. ಮೆಕ್ಸಿಕೋದ ಬೆಟ್ಟದ ಗಿಡವಾದ್ದರಿಂದಲೋ ಏನೋ, ನಮ್ಮ ಗುಡ್ಡದ ಮಣ್ಣು ಅದಕ್ಕೆ ಒಗ್ಗಿಬಿಟ್ಟಿದೆ. ನವೆಂಬರಿನಲ್ಲಿ ಗಿಡ ಒಣಗುತ್ತದೆ, ಚಳಿಗಾಲವೆಲ್ಲ ಅದು ಗೆಡ್ಡೆಯಾಗಿ ನಿದ್ದೆ ಮಾಡುತ್ತದೆ. ಆ ನಿದ್ದೆಯನ್ನು ಕಾಯುವುದೇ ಹಳೇ ತೋಟದ ಚಳಿಗಾಲದ ದೊಡ್ಡ ಕೆಲಸ ಎಂದು ನಾನು ತಿಳಿದಿದ್ದೇನೆ.

ನಮ್ಮ ಮನೆಯಲ್ಲಿ ಒಂದು ಡೇರೆ ಇತ್ತು. ಕಡುಗೆಂಪು ಎಸಳು, ಪ್ರತಿ ಎಸಳಿನ ತುದಿಯಲ್ಲಿ ಉಗುರಿನಷ್ಟು ಬಿಳಿ. ನಮ್ಮತ್ತೆಯ ಅತ್ತೆ ಬಂಗಲೆಯೊಂದರಿಂದ ತಂದದ್ದಂತೆ. ಅತ್ತೆ ತೀರಿಕೊಂಡ ವರ್ಷ ಗೆಡ್ಡೆ ಕೀಳುವ ಕೆಲಸ ಮೊದಲ ಬಾರಿಗೆ ನನ್ನ ಪಾಲಿಗೆ ಬಂತು. ಅವರ ಗಿಡವನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂಬ ಆಸೆಯಿಂದಲೇ ನಾನು ತಪ್ಪು ಮಾಡಿದೆ. ಗೆಡ್ಡೆಗಳನ್ನು ತಿಕ್ಕಿ ತಿಕ್ಕಿ ತೊಳೆದೆ, ಹೊಳೆಯುವ ಹಾಗೆ. ಒರೆಸಿ, ಪಾಲಿಥೀನ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಶಿವರಾತ್ರಿಗೆ ಚೀಲ ಬಿಚ್ಚಿದರೆ ಕೊಳೆತ ವಾಸನೆ, ಕೈಗೆ ಅಂಟುವ ಕಪ್ಪು ಲೋಳೆ. ಮೂರು ತಲೆಮಾರಿನ ಹೂವು ನನ್ನ ಕೈಯಲ್ಲಿ ಹೋಯಿತು. ಅಟ್ಟದ ಏಣಿಯ ಮೇಲೆ ಕೂತು ಅತ್ತುಬಿಟ್ಟೆ.

ವಾರದ ಮೇಲೆ ತೋಟದ ಆಳುಗಳಿರುವ ಲೈನ್ ಮನೆಯ ಅಜ್ಜಿಯೊಬ್ಬರಿಗೆ ಈ ಸುದ್ದಿ ಮುಟ್ಟಿತು. ಅವರು ನಮ್ಮ ತೋಟದಲ್ಲೇ ಕುಯ್ಲು ಮಾಡಿ ಮುದುಕಿಯಾದವರು. ಹಿತ್ತಲ ಬಾಗಿಲಿಗೆ ಬಂದು ನಿಂತು, "ಅಮ್ಮಾವ್ರೇ, ಅಳಬ್ಯಾಡಿ. ದೊಡ್ಡಮ್ಮಾವ್ರು ಕೊಟ್ಟಿದ್ದು ನಮ್ಮನೇಲಿ ಐತೆ" ಅಂದರು. ಹೋಗಿ ನೋಡಿದೆ. ಒಲೆಯ ಪಕ್ಕ, ಒಡೆದ ಮಡಕೆಯಲ್ಲಿ ಬೂದಿ-ಮರಳು ತುಂಬಿ ಅದರೊಳಗೆ ಗೆಡ್ಡೆಗಳನ್ನು ಕುತ್ತಿಗೆ ಮೇಲೆ ಮಾಡಿ ನಿಲ್ಲಿಸಿದ್ದರು. ಒಂದೊಂದಕ್ಕೂ ಮೇಲೆ ನಾಲ್ಕು ಬೆರಳು ಒಣ ಕಾಂಡ ಉಳಿದಿತ್ತು, ಮೈಗೆ ಮಣ್ಣು ಹಾಗೇ ಇತ್ತು. "ಗೆಡ್ಡೆ ತೊಳೀಬಾರ್ದು ಅಮ್ಮಾ. ಮಣ್ಣೇ ಅದ್ಕೆ ಕಂಬಳಿ" ಅಂದರು.

ಆವತ್ತು ಅವರಿಂದ ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಗಿಡ ಪೂರ್ತಿ ಒಣಗುವವರೆಗೆ ಕೀಳಬೇಡಿ. ಕಾಂಡವನ್ನು ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಗುದ್ದಲಿಯನ್ನು ಬುಡದಿಂದ ಒಂದು ಮೊಳ ದೂರದಲ್ಲಿ ಹಾಕಿ ಇಡೀ ಗೊಂಚಲನ್ನು ಎತ್ತಿ. ಎರಡು ದಿನ ನೆರಳಿನಲ್ಲಿ ಆರಲಿ, ಮಣ್ಣು ತಾನಾಗಿ ಉದುರಿದಷ್ಟು ಉದುರಲಿ. ಆಮೇಲೆ ಬೂದಿ-ಮರಳಿನಲ್ಲಿ ಕುತ್ತಿಗೆ ಮೇಲೆ ಮಾಡಿ ನಿಲ್ಲಿಸಿಡಿ. ಹಾಸನ ಜಿಲ್ಲೆಯವರಿಗೆ ಆಲೂಗಡ್ಡೆಯನ್ನು ಕಣ್ಣು ನೋಡಿ ಹೋಳು ಮಾಡುವುದು ಹೇಳಿಕೊಡಬೇಕಾಗಿಲ್ಲ. ಆ ಅಭ್ಯಾಸವನ್ನು ಡೇರೆಗೆ ತರಬೇಡಿ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಕಣ್ಣಿರುವುದು ಕಾಂಡವೂ ಗೆಡ್ಡೆಯೂ ಸೇರುವ ಕುತ್ತಿಗೆಯಲ್ಲಿ ಮಾತ್ರ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪಗಿರಲಿ, ಮೊಳೆಯುವುದಿಲ್ಲ. ಹಾಗಾಗಿ ಗೊಂಚಲು ಬಿಡಿಸುವ ಕೆಲಸವನ್ನು ಕಣ್ಣು ಕಾಣಿಸಿಕೊಳ್ಳುವ ಬೇಸಿಗೆಗೆ ಬಿಡಿ. ಎಲ್ಲವನ್ನೂ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಬೇಡಿ, ಎರಡು ಮೂರು ಮನೆಗೆ ಕೊಡಿ. ಲೈನ್ ಮನೆಗಳ ಮುಂದಿನ ನಾಲ್ಕಡಿ ಜಾಗದಲ್ಲಿ ಉಳಿದಿರುವ ಎಷ್ಟೋ ಹಳೇ ಹೂಗಳು ದೊಡ್ಡ ಮನೆಗಳಲ್ಲಿ ಉಳಿದಿಲ್ಲ. ಹಳೇ ತೋಟಗಳ ಬಗ್ಗೆ ಮಾತಾಡುವಾಗ ನಾವು ಮನೆಯ ಯಜಮಾನರ ಹೆಸರು ಹೇಳುತ್ತೇವೆ, ಆ ತೋಟವನ್ನು ಕೈಯಾರೆ ಉಳಿಸಿದವರನ್ನು ನೆನೆಯುವುದೇ ಇಲ್ಲ.

ತುಳಸಿಯನ್ನು ಮರೆಯಬಾರದು. ಉತ್ಥಾನ ದ್ವಾದಶಿಯಲ್ಲಿ ನೆಲ್ಲಿ ಕೊಂಬೆ ಕಟ್ಟಿ ಮದುವೆ ಮಾಡುತ್ತೇವೆ, ಆಮೇಲೆ ಗಿಡ ಒಣಗಿದರೆ ಅಪಶಕುನ ಎಂದು ಹೆದರುತ್ತೇವೆ. ಅದು ಒಣಗುವುದು ತೆನೆ ಬಿಟ್ಟು ಬೀಜ ಮಾಡಿದ್ದರಿಂದ. ತೆನೆಗಳನ್ನು ವಾರಕ್ಕೊಮ್ಮೆ ಚಿವುಟಿ ದೇವರಿಗೆ ಏರಿಸಿ, ಗಿಡ ಧನುರ್ಮಾಸ ದಾಟುತ್ತದೆ.

ಚಳಿಗಾಲದ ತೋಟಕ್ಕೆ ಈಚಿನ ವರ್ಷಗಳಲ್ಲಿ ಸೇರಿದ ಇನ್ನೊಂದು ಸಂಗತಿ ಕಾಡಾನೆ. ಬಿಕ್ಕೋಡು, ಅರೇಹಳ್ಳಿ, ಸಕಲೇಶಪುರ, ಆಲೂರು ಕಡೆಯವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಗದ್ದೆಯಲ್ಲಿ ಭತ್ತ ಹಣ್ಣಾಗುವ ಹೊತ್ತಿಗೆ, ಕುಯ್ಲಿಗೆ ಜನ ಬೆಳಿಗ್ಗೆ ಬೇಗ ತೋಟಕ್ಕೆ ಇಳಿಯುವ ಹೊತ್ತಿಗೆ, ಕಾವಳದೊಳಗೆ ಅವೂ ಇರುತ್ತವೆ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾದ ಆನೆ ಅರ್ಜುನ ಸತ್ತಾಗ ನಾವೆಲ್ಲ ಅತ್ತೆವು. ನಮ್ಮವರೂ ಎಷ್ಟೋ ಜನ ಸತ್ತಿದ್ದಾರೆ. ಹಿತ್ತಲಿನ ಬಾಳೆಯ ಮೆಳೆಯನ್ನು ನಾವು ತೆಗೆಸಿಬಿಟ್ಟೆವು. ಅಂಗಳಕ್ಕೆ ಇಳಿಯುವ ಮೊದಲು ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರ ಸಂದೇಶ ನೋಡುವುದು ಈಗ ಹಲ್ಲುಜ್ಜುವಷ್ಟೇ ಅಭ್ಯಾಸವಾಗಿದೆ. ಕಾವಳ ಎದ್ದು ಬೇಲಿ ಕಾಣಿಸುವವರೆಗೆ ತೋಟದ ಕೆಲಸ ಬೇಡ. ಗಿಡ ಒಂದು ಗಂಟೆ ಕಾಯುತ್ತದೆ.

ಆನೆಯ ಭಯಕ್ಕೆ ಒಂದು ವರ್ಷ ಜಗಲಿಗೆ ರಾತ್ರಿಯಿಡೀ ಉರಿಯುವ ದೊಡ್ಡ ದೀಪ ಹಾಕಿಸಿದೆವು. ಆ ವರ್ಷ ಜಗಲಿಯ ಮುಂದಿನ ಸೇವಂತಿಗೆ ಮೊಗ್ಗು ಕಟ್ಟಲಿಲ್ಲ. ಪ್ರತಿ ಡಿಸೆಂಬರಿಗೆ ಕೆಂಡದ ಹಾಗೆ ಕೆಂಪಾಗುತ್ತಿದ್ದ ಹಳೇ ಪಾಯಿನ್ಸೆಟಿಯಾ ಹಸಿರಾಗಿಯೇ ನಿಂತಿತು. ಗೊಬ್ಬರ ಹಾಕಿದೆ, ಔಷಧಿ ಹೊಡೆದೆ, ಏನೂ ಆಗಲಿಲ್ಲ. ಆಮೇಲೆ ತಿಳಿಯಿತು. ಈ ಎರಡು ಗಿಡಗಳೂ ಇರುಳಿನ ಉದ್ದವನ್ನು ಎಣಿಸಿಕೊಂಡು ಹೂ ಬಿಡುವಂಥವು. ಚಳಿಗಾಲದ ನೀಳ ಕತ್ತಲು ಬಿಟ್ಟೂ ಬಿಡದೆ ಸಿಕ್ಕಿದರೆ ಮಾತ್ರ ಅವಕ್ಕೆ ಕಾಲ ಬಂತೆಂದು ಗೊತ್ತಾಗುತ್ತದೆ. ನಮ್ಮ ದೀಪ ಅವಕ್ಕೆ ಇರುಳೇ ಇಲ್ಲದ ಹಾಗೆ ಮಾಡಿತ್ತು. ಈಗ ದೀಪವನ್ನು ಹಿತ್ತಲ ದಾರಿಗೆ ತಿರುಗಿಸಿ, ಯಾರಾದರೂ ಸುಳಿದಾಗ ಮಾತ್ರ ಹತ್ತುವ ಹಾಗೆ ಮಾಡಿಸಿದ್ದೇವೆ. ಹಾಗೆ ಮಾಡಿಸಿದ ಮುಂದಿನ ವರ್ಷವೇ ಪಾಯಿನ್ಸೆಟಿಯಾ ಕೆಂಪಾಯಿತು.

ಮೊದಲು ನೆರಳಿನ ಮಾತು ಹೇಳಿದ್ದೆನಲ್ಲ. ಚಳಿಯಾಗುತ್ತದೆ, ಅಂಗಳಕ್ಕೆ ಬಿಸಿಲು ಬೀಳಲಿ ಎಂದು ಡಿಸೆಂಬರಿನಲ್ಲಿ ದೊಡ್ಡ ಮರಗಳ ಕೊಂಬೆ ಕಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮರಗಸಿಗೆ ಹೂಮಳೆ ಬಿದ್ದ ಮೇಲೆ, ಮುಂಗಾರಿನ ಮೊದಲು ಕಾಲವಿದೆ. ನೂರು ವರ್ಷ ನೆರಳಲ್ಲಿದ್ದ ಕಾಂಡಕ್ಕೆ ಏಕಾಏಕಿ ಪಡುವಣ ಬಿಸಿಲು ಹೊಡೆದರೆ ತೊಗಟೆ ಬೇಯುತ್ತದೆ. ಅಂಚಿನಲ್ಲಿ ಹಳೇ ಅರೇಬಿಕಾ ಗಿಡಗಳಿದ್ದರಂತೂ ಬಿಳಿ ಕಾಂಡಕೊರಕಕ್ಕೆ ಬಾಗಿಲು ತೆರೆದುಕೊಟ್ಟ ಹಾಗೆ. ಆ ದುಂಬಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಾರಾಡುತ್ತದೆ, ಬಿಸಿಲು ಬೀಳುವ ಕಾಂಡವನ್ನೇ ಹುಡುಕುತ್ತದೆ. 1925ರಿಂದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಬೆಳೆಗಾರರಿಗೆ ತಿಳಿಹೇಳುತ್ತ ಬಂದಿರುವ ವಿಷಯಗಳಲ್ಲಿ ನೆರಳನ್ನು ಕಾಪಾಡುವುದೂ ಒಂದು. ಕೊಂಬೆ ಕಡಿಯುವ ಮೊದಲು ತಲೆಯೆತ್ತಿ ಇನ್ನೊಂದನ್ನು ನೋಡಿ, ಸೀತಾಳೆ ದಂಡೆ ಅಂಟಿಕೊಂಡಿದೆಯೇ ಎಂದು. ಚಳಿಗಾಲದಲ್ಲಿ ಅದು ಒಣಗಿದ ಪಟ್ಟಿಯ ಹಾಗೆ ಕಾಣುತ್ತದೆ, ಕಸ ಎಂದು ಕಿತ್ತು ಎಸೆದವರನ್ನು ನಾನು ಬಲ್ಲೆ. ಮೇ ಕೊನೆಯಲ್ಲಿ ನರಿಬಾಲದ ಹಾಗೆ ಹೂ ಇಳಿಬಿಡುವುದು ಅದೇ ಗಿಡ.

ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನೋಡಿ ಬಂದವರು ಜನವರಿಯಲ್ಲಿ ಪೆಟೂನಿಯಾ, ಸಾಲ್ವಿಯಾ ಬೀಜ ಕೇಳುತ್ತಾರೆ. ಆ ಹೂಗಳಿಗೆ ಬೀಜ ಬಿದ್ದು ಮೂರು ತಿಂಗಳ ಮೇಲಾಗಿರುತ್ತದೆ. ಬೇಕೆಂದರೆ ಅಕ್ಟೋಬರಿನಲ್ಲೇ ಮಾಡಿನ ಕೆಳಗೆ ಸಸಿ ಮಾಡಿಕೊಳ್ಳಿ. ನನಗೇನೋ ಹಳೇ ಅಂಗಳಕ್ಕೆ ಗೋರಂಟೆ, ಕಾಕಡ ಸಾಕು. ಬಿತ್ತದೆ, ಬೇಡದೆ, ಚಳಿ ಬಂದ ಕೂಡಲೇ ತಾವೇ ಬಿಡುತ್ತವೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರೆ. ಆ ದಿನ ಉಪವಾಸದ ನಡುವೆ ನಾನು ಅಟ್ಟ ಹತ್ತಿ ಡೇರೆಯ ಕುಕ್ಕೆ ಇಳಿಸುತ್ತೇನೆ. ಸುಕ್ಕುಗಟ್ಟಿದ ಗೆಡ್ಡೆಯಿದ್ದರೆ ಮರಳಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸುತ್ತೇನೆ, ಮೆತ್ತಗಾದದ್ದಿದ್ದರೆ ತೆಗೆದು ಎಸೆಯುತ್ತೇನೆ. ಈ ಸಲ ಲೈನ್ ಮನೆಯ ಅಜ್ಜಿಯ ಮೊಮ್ಮಗಳು ಪಕ್ಕದಲ್ಲಿ ಕೂತಿದ್ದಳು. ಅಜ್ಜಿ ಈಗಿಲ್ಲ. ಹುಡುಗಿ ಒಂದೊಂದೇ ಗೆಡ್ಡೆಯ ಮೇಲಿನ ಬೂದಿಯನ್ನು ಊದಿ, ಕುತ್ತಿಗೆಯನ್ನು ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ಏಳನೆಯದರಲ್ಲಿ ರಾಗಿ ಕಾಳಿನಷ್ಟು ಕೆಂಪು ಕಣ್ಣು ಎದ್ದಿತ್ತು. "ದೊಡ್ಡಮ್ಮಾ, ಇದು ಎದ್ದದೆ" ಅಂದಳು. ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ಅವಳ ಕೈಗೇ ಕೊಟ್ಟೆ.